ಪೆಗ್ಗಿ ಆಶ್‌ಕ್ರಾಫ್ಟ್ ಅವರನ್ನು ನೋಡಬೇಕಾ? ಕೊನೆಯಿಂದ ಶುರು ಮಾಡಿ

ಹಳೆಯ ರಂಗನಟಿಯೊಬ್ಬರ ಅಭಿನಯ ನೋಡೋಣ ಅಂತ ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. ನಾಟಕ ಮುಗಿದರೆ ಮುಗಿಯಿತು, ತೆರೆ ಬಿದ್ದ ಮೇಲೆ ಕೈಗೆ ಏನೂ ಸಿಗುವುದಿಲ್ಲ. ಪೆಗ್ಗಿ ಆಶ್‌ಕ್ರಾಫ್ಟ್ ವಿಷಯದಲ್ಲಂತೂ ಈ ತೊಡಕು ಇನ್ನೂ ಜಾಸ್ತಿ. 1907ರಲ್ಲಿ ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ ಹುಟ್ಟಿ, 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಂಗ ಹತ್ತಿ, ಆಮೇಲೆ ಐವತ್ತು ವರ್ಷಕ್ಕೂ ಮೀರಿ ಇಂಗ್ಲೆಂಡಿನ ದೊಡ್ಡ ದೊಡ್ಡ ರಂಗಮಂದಿರಗಳಲ್ಲಿ ಪಾತ್ರ ಮಾಡಿದವರು ಅವರು. ಸಿನಿಮಾಕ್ಕೆ ಬಂದಿದ್ದು ಆಗೊಮ್ಮೆ ಈಗೊಮ್ಮೆ. ಹೀಗಾಗಿ ಅವರ ಅತಿ ದೊಡ್ಡ ಪಾತ್ರಗಳಲ್ಲಿ ಹೆಚ್ಚಿನವನ್ನು ನಾವು ನೋಡಲು ಸಾಧ್ಯವೇ ಇಲ್ಲ.

ಆದರೂ ದಾರಿ ಇದೆ. ಸಾಮಾನ್ಯವಾಗಿ ಏನು ಮಾಡುತ್ತೇವೆ? ಹುಟ್ಟಿದ ವರ್ಷ, ಮೊದಲ ನಾಟಕ, ಮೊದಲ ಸಿನಿಮಾ ಅಂತ ಕ್ರಮವಾಗಿ ಹೋಗುತ್ತೇವೆ. ಇವರ ವಿಷಯದಲ್ಲಿ ಹಾಗೆ ಹೋದರೆ ಅರ್ಧ ದಾರಿಯಲ್ಲೇ ಬೇಜಾರಾಗುತ್ತದೆ, ಯಾಕಂದರೆ ಮೊದಲ ಮೂವತ್ತು ವರ್ಷದಲ್ಲಿ ಸಿಗುವುದು ಹೆಚ್ಚಾಗಿ ಫೋಟೋ ಮತ್ತು ಹೊಗಳಿಕೆ. ಅದಕ್ಕೇ ಹಿಂದಿನಿಂದ ಬನ್ನಿ. ಎಪ್ಪತ್ತಾರರ ಪೆಗ್ಗಿಯನ್ನು ಮೊದಲು ನೋಡಿ, ಆಮೇಲೆ ಇಪ್ಪತ್ತೇಳರವರನ್ನು. ಇನ್ನೊಂದು ವಿಷಯ: ಅವರು ಮಾತಾಡುವಾಗ ಎಲ್ಲರೂ ನೋಡುತ್ತಾರೆ. ನೀವು ಅವರು ಬೇರೆಯವರ ಮಾತು ಕೇಳಿಸಿಕೊಳ್ಳುವಾಗ ನೋಡಿ. ನನ್ನ ಪ್ರಕಾರ ಅವರ ಅಭಿನಯದ ಗುಟ್ಟು ಇರುವುದೇ ಅಲ್ಲಿ.

ಶುರು ಮಾಡಬೇಕಾದ್ದು ಡೇವಿಡ್ ಲೀನ್ ನಿರ್ದೇಶನದ ‘ಎ ಪ್ಯಾಸೇಜ್ ಟು ಇಂಡಿಯಾ’ದಿಂದ. 1984ರ ಸಿನಿಮಾ, ಎರಡೂಮುಕ್ಕಾಲು ಗಂಟೆ ಹತ್ತಿರ ಇದೆ, ಒಂದೇ ಸಲ ಕೂತು ನೋಡಿ. ನಮಗೆ ಇದು ತೀರಾ ದೂರದ ಚಿತ್ರವೂ ಅಲ್ಲ. ಕಥೆಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಗಯಾ ಹತ್ತಿರದ ಬರಾಬರ್ ಗುಹೆಗಳು. ಲೀನ್ ಅಲ್ಲಿಗೆ ಹೋಗಿ ನೋಡಿದರು, ಕಣ್ಣಿಗೆ ಹಿಡಿಸಲಿಲ್ಲ. ಆಮೇಲೆ ಆರಿಸಿಕೊಂಡಿದ್ದು ನಮ್ಮ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟವನ್ನು. ಗುಹೆಯ ಬಾಯಿ ಬೇಕು ಅಂತ ಚಿತ್ರತಂಡದವರೇ ಬಂಡೆಯಲ್ಲಿ ಕೊರೆಸಿದರು. ‘ಶೋಲೆ’ ತೆಗೆದಿದ್ದೂ ಇದೇ ರಾಮನಗರದ ಬಂಡೆಗಳ ನಡುವೆ, ಆದರೆ ಆ ಊರಿನ ಹೆಸರು ಬಂದಾಗ ಗಬ್ಬರ್ ನೆನಪಾಗುವಷ್ಟು ಮಿಸೆಸ್ ಮೂರ್ ಯಾರಿಗೂ ನೆನಪಾಗುವುದಿಲ್ಲ, ಪಾಪ.

ಈ ಮಿಸೆಸ್ ಮೂರ್ ಪಾತ್ರವೇ ಪೆಗ್ಗಿ ಅವರದು. ಮಗನನ್ನು ನೋಡಲು ಇಂಡಿಯಾಕ್ಕೆ ಬಂದ ವಯಸ್ಸಾದ ಹೆಂಗಸು. ಎರಡು ದೃಶ್ಯಗಳನ್ನು ಎರಡೆರಡು ಸಲ ನೋಡಿ. ಒಂದು, ರಾತ್ರಿ ಮಸೀದಿಯಲ್ಲಿ ಡಾಕ್ಟರ್ ಅಜೀಜ್ ಸಿಗುವುದು. ಯಾರೋ ಬಿಳಿ ಹೆಂಗಸು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದಾಳೆ ಅಂದುಕೊಂಡು ಅವನು ರೇಗುತ್ತಾನೆ. ಆಕೆ ಆಗಲೇ ಬಿಚ್ಚಿಟ್ಟು ಬಂದಿದ್ದಾಳೆ. ಬೇರೆ ನಟಿಯಾಗಿದ್ದರೆ ಇಲ್ಲಿ ಒಂದಿಷ್ಟು ಬೇಸರವನ್ನೋ ದೊಡ್ಡತನವನ್ನೋ ತೋರಿಸಿಬಿಡುತ್ತಿದ್ದರು. ಇವರು ಎರಡನ್ನೂ ತೋರಿಸುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ದೇವರು ಇಲ್ಲಿದ್ದಾನೆ ಅನ್ನುತ್ತಾರೆ, ಅಷ್ಟೇ. ಆಮೇಲೆ ಅಜೀಜ್ ಮಾತಾಡುತ್ತಾ ಹೋಗುವಾಗ ಅವರ ಮುಖ ನೋಡಿ. ನದಿಯಲ್ಲಿ ಹೆಣ ತೇಲಿಬರುತ್ತದೆ, ಮೊಸಳೆಗಳಿವೆ ಅಂತ ಅವನು ಹೇಳುತ್ತಾನೆ. ಆಕೆಗೆ ಭಯವೂ ಬೆರಗೂ ಒಟ್ಟಿಗೇ ಆಗುತ್ತದೆ, ಒಂದು ಹೋಗಿ ಇನ್ನೊಂದು ಬರುವುದಲ್ಲ.

ಇನ್ನೊಂದು, ಗುಹೆ. ಒಳಗೆ ಕತ್ತಲು, ಜನ ನುಗ್ಗಿದ್ದಾರೆ, ಪ್ರತಿಧ್ವನಿ ಕಿವಿಗೆ ಬಡಿಯುತ್ತದೆ. ಆಕೆ ಉಸಿರು ಕಟ್ಟಿ ಹೊರಗೆ ಬರುತ್ತಾಳೆ. ಅಲ್ಲಿಂದ ಮುಂದೆ ಮಸೀದಿಯ ಮಿಸೆಸ್ ಮೂರ್ ಮತ್ತೆ ಸಿಗುವುದಿಲ್ಲ. ಒಳಗೆ ಏನೋ ಮುರಿದಿದೆ ಅಂತ ಮಾತಿನಲ್ಲಿ ಯಾರೂ ಹೇಳುವುದಿಲ್ಲ, ಆದರೆ ನಮಗೆ ಗೊತ್ತಾಗುತ್ತದೆ. ಈ ಪಾತ್ರಕ್ಕೆ 1985ರಲ್ಲಿ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ಆಗ ಅವರಿಗೆ 77. ಆ ವಿಭಾಗದಲ್ಲಿ ಅಷ್ಟು ವಯಸ್ಸಿನಲ್ಲಿ ಗೆದ್ದವರು ಬೇರೆ ಯಾರೂ ಇಲ್ಲ. ಸಮಾರಂಭಕ್ಕೆ ಅವರು ಹೋಗಿರಲಿಲ್ಲ, ಆಂಜೆಲಾ ಲ್ಯಾನ್ಸ್‌ಬರಿ ಅವರ ಪರವಾಗಿ ತೆಗೆದುಕೊಂಡರು.

ಬೆಂಗಳೂರಿನ ಕಡೆ ಇರುವವರು ಸಿನಿಮಾ ನೋಡಿದ ಮೇಲೆ ಒಂದು ದಿನ ಸಾವನದುರ್ಗಕ್ಕೆ ಹೋಗಿಬನ್ನಿ. ಅಷ್ಟು ದೊಡ್ಡ ಬೋಳು ಬಂಡೆಯ ಕೆಳಗೆ ನಿಂತರೆ ಲೀನ್‌ಗೆ ಏನು ಬೇಕಿತ್ತು ಅಂತ ತಾನಾಗಿ ಅರ್ಥವಾಗುತ್ತದೆ. ರಾಮದೇವರ ಬೆಟ್ಟ ಈಗ ರಣಹದ್ದುಗಳ ವನ್ಯಧಾಮ, ಅಲ್ಲಿ ಕೂಗಿ ಪ್ರತಿಧ್ವನಿ ನೋಡುವ ಹುಚ್ಚಾಟ ಬೇಡ.

ಎರಡನೆಯದು ‘ದಿ ಜ್ಯುವೆಲ್ ಇನ್ ದಿ ಕ್ರೌನ್’. ಅದೇ 1984ರಲ್ಲಿ ಬಂದ ಗ್ರಾನಡಾ ಟೆಲಿವಿಷನ್‌ನ ಧಾರಾವಾಹಿ, 14 ಕಂತು. ಬ್ರಿಟಿಷರು ಗಂಟು ಮೂಟೆ ಕಟ್ಟುವ ಕಾಲದ ಕಥೆ. ಮೊದಲ ಕಂತುಗಳಲ್ಲಿ ಪೆಗ್ಗಿ ಇಲ್ಲ, ಅವರಿರುವ ಕಂತಿಗೇ ಹಾರಿಬಿಡೋಣ ಅನ್ನಿಸುತ್ತದೆ. ಹಾರಬೇಡಿ. ಹಿಂದಿನ ಕಥೆ ಗೊತ್ತಿಲ್ಲದಿದ್ದರೆ ಬಾರ್ಬಿ ಬ್ಯಾಚಲರ್ ಸುಮ್ನೆ ಒಬ್ಬ ವಟವಟ ಮುದುಕಿಯಾಗಿ ಕಾಣುತ್ತಾಳೆ. ನಿವೃತ್ತಿಯಾದ ಮಿಷನರಿ ಟೀಚರ್ ಆಕೆ. ಯಾರ ಮನೆಯಲ್ಲೋ ಆಶ್ರಯ, ಜೊತೆಗೊಂದು ಟ್ರಂಕು, ಬಾಯಿ ತುಂಬ ಮಾತು. ಮಾತು ನಿಲ್ಲಿಸಿದರೆ ಜನ ತನ್ನನ್ನು ಮರೆತುಬಿಡುತ್ತಾರೇನೋ ಅನ್ನುವ ಹಾಗೆ ಮಾತಾಡುತ್ತಾಳೆ. ಆ ಊರಿನ ಇಂಗ್ಲಿಷ್ ಹೆಂಗಸರು ಆಕೆಯನ್ನು ತಮಗಿಂತ ಕೆಳಗಿನವಳು ಅಂತಲೇ ನಡೆಸಿಕೊಳ್ಳುತ್ತಾರೆ. ಅದು ಆಕೆಗೆ ಗೊತ್ತು, ಆದರೂ ನಗುತ್ತಾಳೆ. ಕೊನೆಗೆ ಆ ಮಾತೆಲ್ಲ ನಿಂತುಹೋಗುತ್ತದೆ. ಅದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ, ನೋಡಿ.

ಈ ಎರಡೂ ಆದಮೇಲೆ ಹಿಂದಕ್ಕೆ ಒಂದೇ ನೆಗೆತ: 1935, ಹಿಚ್‌ಕಾಕ್ ಅವರ ‘ದಿ 39 ಸ್ಟೆಪ್ಸ್’. ಪೆಗ್ಗಿ ಇರುವುದು ಕೆಲವೇ ನಿಮಿಷ. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ನಾಯಕ ಸ್ಕಾಟ್ಲೆಂಡಿನ ಬೆಟ್ಟದಲ್ಲಿ ಒಬ್ಬ ಬಡ ರೈತನ ಮನೆಗೆ ಬರುತ್ತಾನೆ. ಗಂಡ ವಯಸ್ಸಾದವನು, ಬಿಗಿ ಮುಖದ ದೈವಭಕ್ತ, ಸಂಶಯದ ಪಿಶಾಚಿ. ಹೆಂಡತಿ ಪಟ್ಟಣದಿಂದ ಬಂದ ಚಿಕ್ಕ ವಯಸ್ಸಿನವಳು. ಲಂಡನ್ನಿನ ಹೆಂಗಸರು ಕಾಲಿನ ಉಗುರಿಗೂ ಬಣ್ಣ ಹಚ್ಚುತ್ತಾರಂತೆ, ನಿಜವಾ ಅಂತ ಕೇಳುತ್ತಾಳೆ. ಆ ಒಂದು ಪ್ರಶ್ನೆಯಲ್ಲಿ ಆಕೆ ಎಂಥ ಬಾಳು ಬಾಳುತ್ತಿದ್ದಾಳೆ ಅಂತ ಪೂರ್ತಿ ತಿಳಿಯುತ್ತದೆ. ಆಮೇಲೆ ಊಟದ ಮೇಜು. ಗಂಡ ಪ್ರಾರ್ಥನೆ ಹೇಳುತ್ತಿದ್ದಾನೆ. ಮೇಜಿನ ಮೇಲೆ ಪೇಪರ್ ಇದೆ, ಅದರಲ್ಲಿ ಕೊಲೆ ಸುದ್ದಿ. ಆಕೆ ಅದನ್ನು ನೋಡುತ್ತಾಳೆ, ಅತಿಥಿಯನ್ನು ನೋಡುತ್ತಾಳೆ, ಅವನೂ ನೋಡುತ್ತಾನೆ. ಒಂದು ಮಾತಿಲ್ಲ. ಗಂಡನಿಗೆ ಇವರ ಕಣ್ಣಿನ ವ್ಯವಹಾರ ಕಂಡು ಬೇರೆಯದೇ ಅನುಮಾನ. ಕೊನೆಗೆ ಆಕೆ ಗಂಡನ ಕೋಟನ್ನೇ ಕೊಟ್ಟು ಅವನನ್ನು ಕಳಿಸುತ್ತಾಳೆ. ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾಗೀತೆಯ ಪುಸ್ತಕ ಮುಂದೆ ಗುಂಡೇಟಿನಿಂದ ಅವನ ಪ್ರಾಣ ಉಳಿಸುತ್ತದೆ. ಮಿಸೆಸ್ ಮೂರ್ ಮುಖವನ್ನು ಆಗಲೇ ನೋಡಿರುವವರಿಗೆ ಇಲ್ಲಿ ಗುರುತು ಸಿಗುತ್ತದೆ, ಕೇಳಿಸಿಕೊಳ್ಳುವ ಆ ಕಣ್ಣು ಐವತ್ತು ವರ್ಷ ಮೊದಲೂ ಹಾಗೇ ಇತ್ತು.

ಈಗ ಕಷ್ಟದ ಭಾಗ, ರಂಗಭೂಮಿ. ಅದೃಷ್ಟಕ್ಕೆ ಒಂದು ದೊಡ್ಡ ಪ್ರಯೋಗ ಉಳಿದಿದೆ. 1963ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಪೀಟರ್ ಹಾಲ್ ಮತ್ತು ಜಾನ್ ಬಾರ್ಟನ್ ಅವರು ಶೇಕ್ಸ್‌ಪಿಯರ್‌ನ ‘ಆರನೇ ಹೆನ್ರಿ’ಯ ಮೂರು ನಾಟಕ ಮತ್ತು ‘ಮೂರನೇ ರಿಚರ್ಡ್’, ನಾಲ್ಕನ್ನೂ ಸೇರಿಸಿ ಮೂರು ಭಾಗದ ‘ದಿ ವಾರ್ಸ್ ಆಫ್ ದಿ ರೋಸಸ್’ ಮಾಡಿದರು. ಬಿಬಿಸಿ ಅದನ್ನು ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿತು, ಡಿವಿಡಿಯೂ ಬಂದಿದೆ. ರಾಣಿ ಮಾರ್ಗರೆಟ್ ಆಗಿ ಪೆಗ್ಗಿ ಹರೆಯದ ಹುಡುಗಿಯಿಂದ ಶಾಪ ಹಾಕುತ್ತಾ ಅಲೆಯುವ ಮುದುಕಿಯವರೆಗೆ ಒಬ್ಬರೇ ಮಾಡಿದ್ದಾರೆ. ಆಗ ಅವರಿಗೆ ಐವತ್ತೈದು ದಾಟಿತ್ತು. ಹುಡುಗಿಯ ಭಾಗದಲ್ಲಿ ಕ್ಲೋಸಪ್‌ಗಳು ಸ್ವಲ್ಪ ಕಣ್ಣಿಗೆ ಚುಚ್ಚುತ್ತವೆ, ನಿಜ. ತಡೆದುಕೊಳ್ಳಿ.

ನೋಡುವ ಮೊದಲು ಕಥೆಯ ಸಾರಾಂಶ ಓದಿಕೊಳ್ಳಿ. ಎಲ್ಲರೂ ಎಡ್ವರ್ಡ್, ರಿಚರ್ಡ್, ಹೆನ್ರಿ, ಯಾರು ಯಾರ ದಾಯಾದಿ ಅಂತ ಗೊತ್ತಾಗುವುದರೊಳಗೆ ಅರ್ಧ ಜನ ಸತ್ತಿರುತ್ತಾರೆ. ಸಬ್‌ಟೈಟಲ್ ಇದ್ದರೆ ಹಾಕಿಕೊಳ್ಳಿ, ಹೆಡ್‌ಫೋನ್ ಇರಲಿ, ಒಂದು ದಿನಕ್ಕೆ ಒಂದೇ ಭಾಗ. ಸೆರೆ ಸಿಕ್ಕ ಯಾರ್ಕ್ ದೊರೆಗೆ ಮಾರ್ಗರೆಟ್ ಕಾಗದದ ಕಿರೀಟ ತೊಡಿಸಿ, ಅವನ ಮಗನ ರಕ್ತದಲ್ಲಿ ಅದ್ದಿದ ಬಟ್ಟೆಯಲ್ಲಿ ಕಣ್ಣೀರು ಒರೆಸಿಕೋ ಅನ್ನುವ ದೃಶ್ಯ ಬಂದಾಗ ಯಾರ್ಕ್ ಬಹಳ ಹೊತ್ತು ಮಾತಾಡುತ್ತಾನೆ. ಡೊನಾಲ್ಡ್ ಸಿಂಡೆನ್ ಅದ್ಭುತವಾಗಿ ಮಾಡಿದ್ದಾರೆ, ಕಣ್ಣು ಅವರ ಮೇಲೇ ಹೋಗುತ್ತದೆ. ಹಿಂದಕ್ಕೆ ಹೋಗಿ ಇನ್ನೊಂದು ಸಲ ಹಾಕಿ, ಈ ಸಲ ಮಾರ್ಗರೆಟ್‌ಳನ್ನು ಮಾತ್ರ ನೋಡಿ.

ಉಳಿದದ್ದಕ್ಕೆ ನಾಟಕದ ಪಠ್ಯವೇ ಗತಿ. 1930ರಲ್ಲಿ ಸವಾಯ್ ಥಿಯೇಟರ್‌ನಲ್ಲಿ ಪಾಲ್ ರೋಬ್‌ಸನ್ ಅವರ ಒಥೆಲೋಗೆ ಪೆಗ್ಗಿ ಡೆಸ್ಡಿಮೋನಾ. ಕಪ್ಪು ನಟನೊಬ್ಬ ರಂಗದ ಮೇಲೆ ಬಿಳಿ ಹೆಣ್ಣನ್ನು ಮುತ್ತಿಡುವುದು ಆ ಕಾಲಕ್ಕೆ ಎಷ್ಟೋ ಜನಕ್ಕೆ ಸಹಿಸಲಾಗಲಿಲ್ಲ, ಪೆಗ್ಗಿಗೆ ದ್ವೇಷದ ಪತ್ರಗಳು ಬಂದವು. 1935ರಲ್ಲಿ ಅವರ ಜೂಲಿಯೆಟ್‌ಗೆ ಜಾನ್ ಗೀಲ್‌ಗುಡ್ ಮತ್ತು ಲಾರೆನ್ಸ್ ಒಲಿವಿಯೆ ಸರದಿಯಲ್ಲಿ ರೋಮಿಯೋ ಆದರು: ಒಬ್ಬರು ರೋಮಿಯೋ ಆದಾಗ ಇನ್ನೊಬ್ಬರು ಅವನ ಗೆಳೆಯ ಮರ್ಕ್ಯೂಷಿಯೋ. ಇವನ್ನು ಓದುವಾಗ ಜೂಲಿಯೆಟ್‌ಳ ಮಾತನ್ನಷ್ಟೇ ಅಲ್ಲ, ಆಕೆ ಸುಮ್ಮನಿರುವ ಜಾಗಗಳನ್ನೂ ಗುರುತು ಹಾಕಿಕೊಂಡು ಓದಿ. ಹಳೆಯ ವಿಮರ್ಶೆಗಳನ್ನು ಜಾಸ್ತಿ ನೆಚ್ಚಬೇಡಿ, ಅಲ್ಲಿ ಎಲ್ಲರೂ ಆ ತಲೆಮಾರಿನ ಶ್ರೇಷ್ಠ ನಟಿಯರೇ. ಮೂರು ಮದುವೆ, ಮೂರು ವಿಚ್ಛೇದನದ ಕಥೆಯೂ ಜೀವನಚರಿತ್ರೆಗಳಲ್ಲಿ ಸಿಗುತ್ತದೆ, ಅದರಿಂದ ಅಭಿನಯ ಅರ್ಥವಾಗುತ್ತದೆ ಅಂತ ನನಗೇನೂ ಅನ್ನಿಸಿಲ್ಲ.

ಇಷ್ಟೂ ನೋಡಿದ ಮೇಲೆ ರುಚಿ ಹತ್ತಿದ್ದರೆ ಎರಡು ಟಿವಿ ಚಿತ್ರ ಹುಡುಕಿ, ಎರಡನ್ನೂ ಬರೆದವರು ಸ್ಟೀಫನ್ ಪೊಲಿಯಾಕಾಫ್. 1980ರ ‘ಕಾಟ್ ಆನ್ ಎ ಟ್ರೈನ್’ನಲ್ಲಿ ಪೆಗ್ಗಿ ರಾತ್ರಿ ರೈಲಿನಲ್ಲಿ ಯುವಕನೊಬ್ಬನ ತಲೆ ತಿನ್ನುವ ವಿಯೆನ್ನಾದ ಹಟಮಾರಿ ಅಜ್ಜಿ. ಮಿಸೆಸ್ ಮೂರ್ ನೋಡಿ ಇವರು ಬರೀ ಸಾತ್ವಿಕ ಪಾತ್ರಗಳ ನಟಿ ಅಂದುಕೊಂಡಿದ್ದರೆ ಆ ಭ್ರಮೆ ಇಲ್ಲಿ ಕಳಚುತ್ತದೆ. 1989ರ ‘ಶೀಸ್ ಬೀನ್ ಅವೇ’ಯಲ್ಲಿ ಅರವತ್ತು ವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದು ಹೊರಗೆ ಬಂದ ಲಿಲಿಯನ್. ವೆನಿಸ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಜೆರಾಲ್ಡೀನ್ ಜೇಮ್ಸ್ ಜೊತೆ ಅವರು ಹಂಚಿಕೊಂಡಿದ್ದು ಇದಕ್ಕೆ, ತೀರಿಕೊಳ್ಳುವ ಎರಡು ವರ್ಷ ಮೊದಲು. ಇದನ್ನು ಮಾತ್ರ ಬಾರ್ಬಿಯ ಕಂತುಗಳ ಬೆನ್ನಿಗೇ ನೋಡಬೇಡಿ. ಎರಡೂ ಮನಸ್ಸಿಗೆ ಭಾರ, ನಡುವೆ ಆ ರೈಲಿನ ಅಜ್ಜಿ ಇರಲಿ.