ಪೋಷಕರ ಪುಟ ದಾಟಿದ್ದು ಹೀಗೆ

ಅಮೆರಿಕದಲ್ಲಿ ಕಾಲೇಜು ನೆರವಿಗೆ ತುಂಬುವ ಫಾಫ್ಸಾ ಅರ್ಜಿ ನನ್ನನ್ನು ಮೂರು ರಾತ್ರಿ ಕಾಡಿತು. ಪೋಷಕರ ಆದಾಯದ ಪುಟ ದಾಟಿ ಮುಂದೆ ಹೋಗಲೇ ಇಲ್ಲ. ತೋರಿಸಲು ಪೋಷಕರಾದರೂ ಎಲ್ಲಿದ್ದರು? 14ನೇ ವಯಸ್ಸಿನಿಂದ, ಸರ್ಕಾರದ ಹೊಣೆಯಲ್ಲಿ ಹೆತ್ತವರ ಬದಲು ಬೇರೆಯವರು ಮಕ್ಕಳನ್ನು ಸಾಕುವ ಫಾಸ್ಟರ್ ಕೇರ್‌ನಲ್ಲಿದ್ದು, 16 ತುಂಬಿದ ಮೇಲೆ ಕಾನೂನುಬದ್ಧವಾಗಿ ಅಜ್ಜಿಯ ಪಾಲನೆಗೆ ಬಂದವಳು ನಾನು.

ತಪ್ಪು ನನ್ನದೇ. ಫಾಸ್ಟರ್ ಕೇರ್‌ನ ಪ್ರಶ್ನೆಗೆ, ಈಗ ಅಲ್ಲಿಲ್ಲವಲ್ಲ ಎಂದುಕೊಂಡು ‘ಇಲ್ಲ’ ಒತ್ತಿದ್ದೆ. ಅದರಲ್ಲಿದ್ದ ‘13 ತುಂಬಿದ ಮೇಲೆ ಯಾವಾಗಲಾದರೂ’ ಎಂಬ ಮಾತು ಕಣ್ಣಿಗೆ ಬಿದ್ದೇ ಇರಲಿಲ್ಲ. ಉತ್ತರ ತಿದ್ದಿದ್ದೇ ತಡ, ನಾನು ಸ್ವತಂತ್ರ ವಿದ್ಯಾರ್ಥಿನಿಯಾದೆ. ಪೋಷಕರ ಪುಟವೇ ಮಾಯ!

ಕಾಲೇಜಿನವರು ಪುರಾವೆ ಕೇಳಿದರು. ರಾಜ್ಯದ ಮಕ್ಕಳ ಕಲ್ಯಾಣ ಇಲಾಖೆಗೆ ಫೋನ್ ಮಾಡಿ, ನಾನು ಅಲ್ಲಿದ್ದ ದಿನಾಂಕಗಳಿರುವ ಪತ್ರ ಬೇಕೆಂದೆ. ಬಂದದ್ದು ನಾಲ್ಕೇ ಸಾಲು, ಕೆಳಗೊಂದು ಮಸುಕಾದ ಮೊಹರು. ಎರಡು ವರ್ಷಗಳು ಅಷ್ಟರಲ್ಲೇ ಹಿಡಿಸಿದ್ದನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಫಾಸ್ಟರ್ ಕೇರ್‌ನಲ್ಲಿದ್ದ ಯುವಜನರಿಗಾಗಿ ಇರುವ ಚೇಫಿ ಎಂಬ ಸರ್ಕಾರಿ ಕಾರ್ಯಕ್ರಮದ ಶಿಕ್ಷಣ ವೋಚರ್ ಬೇರೆಯದೇ ಲೆಕ್ಕ. ವರ್ಷಕ್ಕೆ 5,000 ಡಾಲರ್‌ವರೆಗೆ ಸಿಗುತ್ತದೆ, ಆದರೆ ಫಾಫ್ಸಾದ ಬೆನ್ನಿಗೆ ತಾನಾಗಿ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು. ಈ ಸಲ ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಎರಡೆರಡು ಬಾರಿ ಓದಿಕೊಂಡು ತುಂಬಿದೆ.