ಸತ್ತುಹೋದ ಲಿಂಕ್‌ನಿಂದ ಹಳೆಯ ಪಿಡಿಎಫ್ ತೆಗೆದದ್ದು ಹೀಗೆ

ಒಂದು ಇಲಾಖೆಯ ಹಳೆಯ ಸುತ್ತೋಲೆ ಬೇಕಿತ್ತು. ಲಿಂಕ್ ಕೈಲಿದೆ, ಆದರೆ ಜಾಲತಾಣ ಹೊಸದಾದ ಮೇಲೆ ಅದನ್ನು ಒತ್ತಿದರೆ ಮುಖಪುಟವೇ ತೆರೆಯುತ್ತದೆ.

ಬ್ರೌಸರ್ ಬದಲಿಸಿದರೂ ಅಷ್ಟೇ. ಗೂಗಲ್‌ನಲ್ಲಿ ಫೈಲ್ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೂ ಸಿಗಲಿಲ್ಲ. ಗೂಗಲ್ ಉಳಿಸಿಟ್ಟ ಹಳೆಯ ಪುಟದ ಪ್ರತಿ (ಕ್ಯಾಶ್) ನೋಡುವ ಸೌಲಭ್ಯ 2024ರಲ್ಲೇ ನಿಂತಿದೆ. ಜಾಲತಾಣಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ಗೆ (web.archive.org) ಪೂರ್ತಿ ಲಿಂಕ್ ಕೊಟ್ಟರೆ ಕ್ಯಾಲೆಂಡರ್‌ನಲ್ಲಿ ಬರೀ ಹಸಿರು ಚುಕ್ಕೆಗಳು. ಹಸಿರು ಎಂದರೆ ರೀಡೈರೆಕ್ಟ್, ಅಂದರೆ ಮತ್ತೆ ಅದೇ ಮುಖಪುಟ.

ಕೆಲಸ ಮಾಡಿದ್ದು ಇದು. ವೇಬ್ಯಾಕ್ ಮಷೀನ್‌ನ ಹುಡುಕು ಪೆಟ್ಟಿಗೆಯಲ್ಲೇ ಲಿಂಕ್‌ನ ಕೊನೆಯ ಫೈಲ್ ಹೆಸರು ಅಳಿಸಿ, ಫೋಲ್ಡರ್‌ವರೆಗೆ ಮಾತ್ರ ಉಳಿಸಿ, ಕೊನೆಗೆ /* ಸೇರಿಸಿ ಎಂಟರ್ ಒತ್ತಿ. ಆ ಫೋಲ್ಡರ್‌ನಿಂದ ಉಳಿಸಿಟ್ಟ ವಿಳಾಸಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಬರೀ ಡೊಮೈನ್ (ತಾಣದ ಮುಖ್ಯ ಹೆಸರು) ಕೊಡಬೇಡಿ. ದೊಡ್ಡ ತಾಣವಾದರೆ ಪಟ್ಟಿ ವಿಪರೀತ ಉದ್ದವಾಗಿ ಬೇಕಾದದ್ದು ತಪ್ಪಿಹೋಗುತ್ತದೆ. ಮೇಲ್ಗಡೆಯ ಫಿಲ್ಟರ್ ಪೆಟ್ಟಿಗೆಯಲ್ಲಿ ಪೂರ್ತಿ ಹೆಸರಿನ ಬದಲು ಸುತ್ತೋಲೆಯ ಸಂಖ್ಯೆಯನ್ನಷ್ಟೇ ಹಾಕಿ. ನನ್ನ ಫೈಲ್ ಬೇರೊಂದು ಉಪಫೋಲ್ಡರ್‌ನಲ್ಲಿ, ಹೆಸರಿನ ನಡುವೆ ಅಡ್ಡಗೆರೆ ಸೇರಿಕೊಂಡು ಕೂತಿತ್ತು. ಅದರ ಮೇಲೆ ಒತ್ತಿ, ತಾಣ ಬದಲಾಗುವ ಮುಂಚಿನ ವರ್ಷಕ್ಕೆ ಹೋಗಿ, ನೀಲಿ ಚುಕ್ಕೆಯನ್ನೇ ಆರಿಸಿ; ನೀಲಿ ಎಂದರೆ ಸರಿಯಾಗಿ ಉಳಿಸಿಟ್ಟ ಪ್ರತಿ.

ತೆರೆದ ಪುಟದಲ್ಲಿ ಡೌನ್‌ಲೋಡ್ ಸರಿಯಾಗಿ ಆಗದಿದ್ದರೆ ಬ್ರೌಸರ್‌ನ ಮೇಲ್ಗಡೆಯ ವಿಳಾಸದಲ್ಲಿ 14 ಅಂಕಿಗಳ ದಿನಾಂಕ-ಸಮಯ ಇರುತ್ತದೆ, ನೋಡಿ. ಅದರ ಬೆನ್ನಿಗೆ, ಜಾಗ ಬಿಡದೆ, ಇಂಗ್ಲಿಷಿನ ಸಣ್ಣಕ್ಷರದಲ್ಲಿ ಐ, ಡಿ, ನಂತರ ಅಂಡರ್‌ಸ್ಕೋರ್ ಸೇರಿಸಿ. ಮೂಲ ಪಿಡಿಎಫ್ ನೇರವಾಗಿ ಇಳಿಯುತ್ತದೆ.