ಆನೆ ಗದೆ ತುಳಿದ ದಿನ

ಕೊಡಗಿನ ಸಿದ್ದಾಪುರದ ಕಡೆ, ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ನನ್ನದು. ನಾಲ್ಕು, ಐದು ಎರಡೂ ತರಗತಿ ನನಗೇ, ಕೋಣೆಯೂ ಒಂದೇ. ಆ ವರ್ಷ 19 ಮಕ್ಕಳಿದ್ದರು, ಅದರಲ್ಲಿ 11 ಹುಡುಗರು. ಆ ಹನ್ನೊಂದರಲ್ಲಿ ಮನೆಯಲ್ಲಿ ಕನ್ನಡ ಆಡುವವರು ಇಬ್ಬರೇ. ಉಳಿದವರದು ಮಲಯಾಳ, ತಮಿಳು, ಅರೆಭಾಷೆ, ಯರವರ ಮಾತು. ಒಬ್ಬನ ಅಪ್ಪ ಅಮ್ಮ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು. ಒಂದರಿಂದ ಮೂರನೇ ತರಗತಿಯ ನಲಿಕಲಿಯಲ್ಲಿ ಅಕ್ಷರ ಕಲಿಸುವ ರ, ಗ, ಸ, ದ, ಅ ಎಲ್ಲ ದಾಟಿಯೇ ನನ್ನ ಹತ್ತಿರ ಬಂದಿದ್ದರು. ಓದು ಎಂದರೆ ತಡವರಿಸಿಯಾದರೂ ಓದುತ್ತಿದ್ದರು. ಬರೆಯಿರಿ ಎಂದರೆ ಮಾತ್ರ ಪೆನ್ಸಿಲ್ ಮೊನೆ ಮುರಿಯುತ್ತಿತ್ತು, ಬಾಯಾರುತ್ತಿತ್ತು, ಒಂದಕ್ಕೆ ಬರುತ್ತಿತ್ತು.

ಜೂನ್ ಕೊನೆಯ ವಾರವಿರಬೇಕು. ಹಲಸು ಹಣ್ಣಾಗುವ ಕಾಲ, ಆನೆಗಳು ತೋಟ ಬಿಟ್ಟು ಕದಲದ ಕಾಲ. ಹಿಂದಿನ ಬೆಂಚಿನ ಹುಡುಗನೊಬ್ಬ ಬೆಳಿಗ್ಗೆ ಬಂದವನೇ ರಾತ್ರಿಯ ಕಥೆ ಶುರು ಮಾಡಿದ. ಹಾಕಿ ಆಡುವಾಗ ಗೋಲು ಕಾಯುವವನು ಅವನೇ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗೋಲಿ. ತೋಟದ ಕೆಲಸಗಾರರ ಲೈನ್ ಮನೆಯ ಹಿಂದೆ ಆನೆ ಬಂದದ್ದು, ಅಜ್ಜಿ ಪಾತ್ರೆ ಬಡಿದದ್ದು, ಅಡುಗೆಮನೆಯ ಕಿಟಕಿಗೆ ಸೊಂಡಿಲು ಬಂದಾಗ ಅಜ್ಜಿ ಪಾತ್ರೆ ಕೆಳಗಿಟ್ಟು "ಹೋಗಪ್ಪಾ ಗಣಪತಿ, ನಿಂಗೆ ಕೈ ಮುಗೀತೀನಿ" ಅಂದದ್ದು. ಸೊಂಡಿಲು ಹೇಗೆ ಬಂತೆಂದು ತೋರಿಸಲು ತೋಳನ್ನೇ ಕಿಟಕಿಯ ಸರಳಿನ ನಡುವೆ ತೂರಿಸಿದ. ಕಾಲು ಗಂಟೆ ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳಿತು.

ಆಮೇಲಿನ ಅವಧಿ ಬರವಣಿಗೆಯದು. ವಿಷಯ, "ನನ್ನ ಮೆಚ್ಚಿನ ಪ್ರಾಣಿ". ಅದೇ ಗೋಲಿ ಅರ್ಧ ಗಂಟೆಯಲ್ಲಿ ಬರೆದದ್ದು ಇಷ್ಟು: "ನನ್ನ ಮೆಚ್ಚಿನ ಪ್ರಾಣಿ ಹಸು. ಹಸುವಿಗೆ ನಾಲ್ಕು ಕಾಲು. ಹಸು ಹಾಲು ಕೊಡುತ್ತದೆ."

"ಏ ಮಾರಾಯ, ಆನೆ ವಿಷಯ ಬರೀಬಹುದಿತ್ತಲ್ಲ?" ಅಂದೆ.

"ಅದು ಬರಿಯೋದಲ್ಲ ಮಿಸ್, ಹೇಳೋದು."

ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಆ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಅವನ ಲೆಕ್ಕದಲ್ಲಿ ಬರೆಯುವುದೆಂದರೆ ಹಸುವಿಗೆ ನಾಲ್ಕು ಕಾಲು ಎಂದು, ಅದು ಗೊತ್ತಿರುವ ಟೀಚರಿಗೇ ಮತ್ತೆ ತಿಳಿಸುವುದು. ಹಾಗೆ ಕಲಿಸಿದ್ದು ನಾನೇ.

ತರಬೇತಿಯೊಂದರಲ್ಲಿ "ಗಂಡು ಮಕ್ಕಳಿಗೆ ಬರವಣಿಗೆ ಒಲಿಯೋದಿಲ್ಲ, ಅವರ ಸ್ವಭಾವವೇ ಹಾಗೆ" ಎಂದು ಹಿರಿಯರೊಬ್ಬರು ಹೇಳಿದ್ದರು. ಹುಡುಗರು ಹಿಂದೆ ಬೀಳುವುದು ನಿಜ, ಅದು ನಮ್ಮ ಊರಿನ ಕಥೆ ಮಾತ್ರವೂ ಅಲ್ಲ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲೂ ಹುಡುಗಿಯರೇ ಮುಂದು, ಓದಿಗಿಂತ ಬರವಣಿಗೆಯಲ್ಲಿ ಅಂತರ ಇನ್ನೂ ಹೆಚ್ಚು. ನಮ್ಮ ರಾಜ್ಯದ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ, ಹುಡುಗಿಯರು ನೂರಕ್ಕೆ 81, ಹುಡುಗರು 66ರ ಆಸುಪಾಸು. ಆದರೆ ಅದಕ್ಕೆ ಸ್ವಭಾವ ಎಂದು ಹೆಸರಿಟ್ಟು ಕೈ ತೊಳೆದುಕೊಂಡರೆ ನನಗೇಕೆ ಸಂಬಳ?

ಮಾರನೇ ದಿನ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆ. ನೀವು ನೋಡಿದ ದೊಡ್ಡವರಲ್ಲಿ ದಿನಾ ಬರೆಯುವವರು ಯಾರು? ಹುಡುಗಿಯರು ಟೀಚರು, ನರ್ಸಕ್ಕ, ಬ್ಯಾಂಕಿನವರು ಎಂದರು. ಹುಡುಗರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೂರ್ನಾಲ್ಕು ಜನ ಒಟ್ಟಿಗೇ ಅಂದರು: "ರೈಟರ್!"

ಹೊರಗಿನವರಿಗೆ ಹೇಳಬೇಕು. ಕೊಡಗಿನ ತೋಟದಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ. ಚೆಕ್‌ರೋಲಿನಲ್ಲಿ ಹಾಜರಿ ಹಾಕುವವನು, ಕೊಯ್ಲಿನ ಕಾಲದಲ್ಲಿ ಸಂಜೆ ತಕ್ಕಡಿಯ ಪಕ್ಕ ನಿಂತು ಯಾರು ಎಷ್ಟು ಕಿಲೋ ಹಣ್ಣು ಕೊಯ್ದರೆಂದು ಬರೆಯುವವನು. ಅವನು ಬರೆದದ್ದೇ ಕೂಲಿ. ಅವನ ಪೆನ್ನಿನ ತೂಕ ನನ್ನ ಕೆಂಪು ಪೆನ್ನಿಗಿಂತ ಎಷ್ಟೋ ಹೆಚ್ಚೆಂದು ಲೈನಿನ ಮಕ್ಕಳಿಗೆ ಹುಟ್ಟಿದಂದಿನಿಂದ ಗೊತ್ತು. ಸರಿ, ನಮ್ಮ ತರಗತಿಗೂ ರೈಟರ್‌ಗಳು ಬೇಕು ಎಂದೆ.

ಮೊದಲು ಮಾಡಿದ್ದು ಮಳೆ ಪುಸ್ತಕ. ತೋಟದ ಮಾಲೀಕರೆಲ್ಲ ಮಳೆಯನ್ನು ಇಂಚು, ಸೆಂಟಿನಲ್ಲೇ ಮಾತಾಡುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಬಾಯಿಯೂ ತಳವೂ ಒಂದೇ ಅಗಲವಿರುವ ಪ್ಲಾಸ್ಟಿಕ್ ಡಬ್ಬವೊಂದನ್ನು ಧ್ವಜಸ್ತಂಭದ ಹತ್ತಿರ, ಮರದ ಹನಿ ಬೀಳದ ಕಡೆ, ಮೂರು ಇಟ್ಟಿಗೆಯ ನಡುವೆ ಕೂರಿಸಿದೆವು. ಡಬ್ಬದ ಗೋಡೆ ನೇರವಾಗಿದ್ದರೆ ಲೆಕ್ಕವೇನೂ ಬೇಡ, ನೀರಿನ ಎತ್ತರವೇ ಮಳೆ. ಪ್ರಾರ್ಥನೆಗೆ ಮೊದಲು ಸ್ಕೇಲ್ ಇಳಿಸಿ ಮಿಲಿಮೀಟರ್ ಓದಬೇಕು, ನಾಲ್ಕರಿಂದ ಗುಣಿಸಿದರೆ ಹೆಚ್ಚುಕಡಿಮೆ ಸೆಂಟು ಸಿಗುತ್ತದೆ. 17 ಮಿಲಿಮೀಟರ್ ಎಂದರೆ 68 ಸೆಂಟು. ನಾಲ್ಕರ ಮಗ್ಗಿ ತಾನಾಗೇ ಬಂತು, ಅದಕ್ಕೆ ನಾನು ಬೆವರು ಹರಿಸಲಿಲ್ಲ.

ಅಂಕಿಯ ಪಕ್ಕ ಒಂದೇ ಒಂದು ವಾಕ್ಯ, ನಿನ್ನೆ ಮಳೆ ಏನು ಮಾಡಿತು ಎಂದು. ಒಂದು ವಾಕ್ಯಕ್ಕೆ ಯಾವ ಹುಡುಗನೂ ಹೆದರುವುದಿಲ್ಲ. ಮೊದಲ ವಾರ "ಮಳೆ ಜೋರು ಬಂತು" ಎಂದಷ್ಟೇ. ಎರಡನೇ ವಾರ "ಸೇತುವೆ ಮೇಲೆ ನೀರು, ಬಸ್ಸು ವಾಪಸ್". ಜುಲೈನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ಎರಡು ದಿನ ಪುಸ್ತಕ ಖಾಲಿ ಬೀಳಬಾರದೆಂದು ಶಾಲೆ ಪಕ್ಕದ ಮನೆಯ ಹುಡುಗ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು ಅಳತೆ ತೆಗೆದಿದ್ದ. ನಾನು ಹೇಳಿರಲಿಲ್ಲ. ಮಳೆಯಲ್ಲಿ ಹೀಗೆ ಹೊರಗೆ ಬರಬೇಡ ಎಂದು ಬೈದೆ, ಮನಸ್ಸಿನಲ್ಲಿ ಬೇರೆಯೇ ಇತ್ತು.

ಈ ಪುಸ್ತಕಕ್ಕೆ ನಿಜವಾದ ಓದುಗ ಸಿಕ್ಕಿದ್ದು ಆಕಸ್ಮಿಕ. ಪಕ್ಕದ ತೋಟದ ಮಳೆಮಾಪಕ ಮರದ ಕೊಂಬೆ ಬಿದ್ದು ಒಡೆದಿತ್ತು. ಅಲ್ಲಿನ ರೈಟರ್ ಶಾಲೆಗೆ ಬಂದು "ನಿಮ್ಮ ಮಕ್ಕಳ ಹತ್ರ ಮಂಗಳವಾರದ್ದು ಉಂಟಾ ಟೀಚರೇ?" ಎಂದು ಕೇಳಿದರು. ಗೋಲಿ ಪುಸ್ತಕ ತಂದುಕೊಟ್ಟ. ಅವರು ಜೇಬಿನಿಂದ ಚೀಟಿ ತೆಗೆದು ಅದನ್ನು ನೋಡಿಕೊಂಡು ಬರೆದುಕೊಂಡರು. ಹುಡುಗರು ಅವರ ಪೆನ್ನನ್ನೇ ನೋಡುತ್ತಿದ್ದರು. ಮಾರನೇ ದಿನದಿಂದ ಅಂಕಿಗಳು ದುಂಡಗಾದವು. ಚೆನ್ನಾಗಿ ಬರಿ, ಚೆನ್ನಾಗಿ ಬರಿ ಎಂದು ನಾನು ವರ್ಷವಿಡೀ ಹೇಳಿದ್ದಕ್ಕೆ ಆಗದಿದ್ದದ್ದು ಆ ಒಂದು ಚೀಟಿಯಿಂದ ಆಯಿತು.

ಎರಡನೆಯದು ಆನೆ ರಿಜಿಸ್ಟರ್. ಎಲ್ಲಿ ಕಂಡಿತು, ಎಷ್ಟು ಗಂಟೆಗೆ, ಎಷ್ಟು ಆನೆ, ಏನು ಹಾಳು ಮಾಡಿತು. ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದನ್ನೂ ಬರೆಯಬೇಕು. ಆನೆ ನೋಡಲೆಂದು ಯಾರೂ ಹೋಗಬಾರದು, ಹೋದವನ ರೈಟರ್ ಕೆಲಸ ಅಂದೇ ಹೋಯಿತು, ಇದು ಮೊದಲ ಪುಟದಲ್ಲೇ ಬರೆದ ಕಾನೂನು. ಒಮ್ಮೆ ಆಟದ ಮೈದಾನದ ಅಂಚಿನ ಕೆಸರಿನಲ್ಲೇ ಹೆಜ್ಜೆ ಮೂಡಿತ್ತು. ಮುಂಗಾಲಿನದು ದುಂಡಗೆ, ಹಿಂಗಾಲಿನದು ಉದ್ದುದ್ದ. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಆನೆಯ ಭುಜದೆತ್ತರ ಎಂದು ಹೇಳಿಕೊಟ್ಟೆ. ದನದ ಹಗ್ಗ ತಂದು ಸುತ್ತಿ ಅಳೆದರು, ನಾಲ್ಕು ಅಡಿ. ಹಾಗಾದರೆ ಎಂಟು ಅಡಿ! ತರಗತಿಯ ಗೋಡೆಯ ಮೇಲೆ ಎಂಟು ಅಡಿಗೆ ಸೀಮೆಸುಣ್ಣದ ಗೆರೆ ಎಳೆದು ಎಲ್ಲರೂ ಅದರ ಕೆಳಗೆ ನಿಂತು ಮೇಲೆ ನೋಡಿದರು. ಅಂದು ಯರವರ ಹುಡುಗ, ವರ್ಷದಲ್ಲಿ ಹತ್ತು ವಾಕ್ಯ ಬರೆಯದವನು, ಒಂದು ಇಡೀ ಪುಟ ಬರೆದ. ಲದ್ದಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತೆಂದು ಅವನಪ್ಪ ಹೇಗೆ ಹೇಳುತ್ತಾನೆ ಎಂಬುದು ವಿಷಯ. ಅದರಲ್ಲಿ ಅರ್ಧ ಅವನ ಮನೆಮಾತೇ, ಕನ್ನಡ ಅಕ್ಷರದಲ್ಲಿ. ನಾನು ಒಂದಕ್ಷರ ಮುಟ್ಟಲಿಲ್ಲ, ಅವನಿಂದಲೇ ಓದಿಸಿ ಅರ್ಥ ಕೇಳಿದೆ.

ತಿದ್ದುವುದರ ಬಗ್ಗೆ ಹೇಳಲೇಬೇಕು. ರಿಜಿಸ್ಟರಿಗೆ ಕೆಂಪು ಪೆನ್ನು ತಾಗಿಸುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿದ್ದೆ. ಆದರೆ ಓದಿದವರಿಗೆ ಅರ್ಥ ಕೆಟ್ಟರೆ ರೈಟರೇ ತಿದ್ದಬೇಕು. "ಹಾನೆ" ಎಂದು ಬರೆದರೂ ಆನೆ ಆನೆಯೇ, ಅದು ನಿಧಾನಕ್ಕೆ ಸರಿಹೋಗುತ್ತದೆ. ಒಂದು ದಿನ ಗೋಲಿ ಗಟ್ಟಿಯಾಗಿ ಓದಿದ: "ರಾತ್ರಿ ಎರಡು ಆನೆ ಬಂದು ಗದೆ ತುಳಿದಿದೆ." ಮುಂದಿನ ಬೆಂಚಿನಿಂದ ಒಬ್ಬಳು, "ಯಾರ ಗದೆ, ಭೀಮಂದಾ?" ತರಗತಿ ನಕ್ಕು ನಕ್ಕು ಸುಸ್ತಾಯಿತು, ಗೋಲಿಯೂ ನಕ್ಕ. ಎದ್ದು ಹೋಗಿ ದ ಕೆಳಗೆ ಒತ್ತು ಕೊಟ್ಟು ಗದ್ದೆ ಮಾಡಿದ. ಒತ್ತಕ್ಷರಕ್ಕೆ ನಾನು ಎಷ್ಟು ಉಕ್ತಲೇಖನ ಕೊಟ್ಟಿದ್ದೆನೋ ಲೆಕ್ಕವಿಲ್ಲ. ಅಂದಿನಿಂದ ಒತ್ತು ಬಿಟ್ಟವನಿಗೆ "ಗದೆ!" ಎಂದು ಹುಡುಗರೇ ಕೂಗುತ್ತಿದ್ದರು.

ಕೈಯ ಸಂಗತಿಯೂ ಇತ್ತು. ಮನಸ್ಸಿಲ್ಲದ್ದಕ್ಕೆ ಬರೆಯುವುದಿಲ್ಲವೆಂದು ನಾನು ಅಂದುಕೊಂಡಿದ್ದ ಇಬ್ಬರಿಗೆ ನಿಜಕ್ಕೂ ಕೈ ನೋಯುತ್ತಿತ್ತು. ಪೆನ್ಸಿಲನ್ನು ಕತ್ತಿಯ ಹಿಡಿಯಂತೆ ಮುಷ್ಟಿಯಲ್ಲಿ ಹಿಡಿದು, ಹಿಂದಿನ ಪುಟಕ್ಕೂ ಅಚ್ಚು ಮೂಡುವಷ್ಟು ಒತ್ತುತ್ತಿದ್ದರು. ಅವರಿಗೆ ಒಂದು ತಿಂಗಳು ನೋಟ್‌ಬುಕ್ಕೇ ಇಲ್ಲ, ಜಗಲಿಯ ನೆಲದ ಮೇಲೆ ಸೀಮೆಸುಣ್ಣ, ತೋಳು ಬೀಸಿ ದೊಡ್ಡ ದೊಡ್ಡ ಅಕ್ಷರ. ಕನ್ನಡದ ಅಕ್ಷರ ದುಂಡು, ಭುಜದಿಂದ ತಿರುಗಿಸಿ ಕಲಿತರೆ ಬೆರಳಿಗೆ ಆಮೇಲೆ ಸುಲಭವಾಗುತ್ತದೆ. ಇದು ನನ್ನ ಕಣ್ಣಳತೆಯ ಮಾತು. ಮಳೆಗಾಲದಲ್ಲಿ ಜಗಲಿ ಒದ್ದೆಯಾಗಿ ಇದೂ ಅರ್ಧಕ್ಕೇ ನಿಂತಿತೆನ್ನಿ.

ಕೆಟ್ಟದ್ದೂ ಬಹಳ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದದ್ದು, ಈಗ ಮುನ್ನೂರಕ್ಕೂ ಹೆಚ್ಚು ತಂಡ. ಮಕ್ಕಳು ಬೇಸಿಗೆಯಲ್ಲಿ ಅದನ್ನೇ ನೋಡುತ್ತಾರಲ್ಲ, ಪಂದ್ಯದ ವರದಿ ಬರೆಸಿದರೆ ಕೇಳುವುದೇ ಬೇಡ ಎಂದುಕೊಂಡೆ. ಹುಡುಗರು ಎಂದರೆ ಆಟ ಎಂಬ ನನ್ನದೇ ಪೂರ್ವಗ್ರಹ. ಆರು ಜನ ಬರೆದರು, ಐವರಿಗೆ ಹಾಕಿಯ ಗಾಳಿಯೇ ಇಲ್ಲ. ಬರೆದ ಆರರಲ್ಲೂ "ಗೋಲು ಹಾಕಿದರು, ಮತ್ತೆ ಗೋಲು ಹಾಕಿದರು" ಬಿಟ್ಟರೆ ಏನಿಲ್ಲ. ಅದೇ ಆಗಸ್ಟ್ 3ರ ಹೊತ್ತಿಗೆ ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದು ಬಂದ ಮರುದಿನ, ಒಂದಕ್ಕೆ ಕೆಂಪಗೆ ಹೋದ ವಿಷಯ ಬರೆಯಬಹುದಾ ಎಂದು ಪಿಸುಗುಟ್ಟಿದರು. ಬರೆಯಿರಿ ಎಂದೆ. ಮಾಡುವ ವಿಧಾನ ಸಮೇತ ಒಂದೂವರೆ ಪುಟ ಬಂತು! ಮುಖ್ಯ ಶಿಕ್ಷಕರಿಗೆ ಆ ಪುಟ ನಾನಾಗಿ ತೋರಿಸಲಿಲ್ಲ.

ಇನ್ನೊಂದು ತಪ್ಪು ದೊಡ್ಡದು. ರೈಟರ್ ಕೆಲಸವನ್ನು ನಾನು ಹುಡುಗರಿಗೆ ಮಾತ್ರ ಕೊಟ್ಟಿದ್ದೆ. ಮೂರನೇ ವಾರ ಭೀಮನ ಗದೆ ಕೇಳಿದ ಅದೇ ಹುಡುಗಿ ಮೇಜಿನ ಹತ್ತಿರ ಬಂದು, "ಮಿಸ್, ನಾವು ಚೆನ್ನಾಗಿ ಬರೀತೀವಿ ಅಂತ ನಮ್ಗೆ ಮೆಚ್ಚಿನ ಪ್ರಾಣಿ, ಅವ್ರಿಗೆ ನಿಜವಾದ ಆನೆನಾ?" ಅಂದಳು. ಉತ್ತರವಿರಲಿಲ್ಲ. ಹುಡುಗಿಯರಿಗೂ ಹಸುವಿನ ನಾಲ್ಕು ಕಾಲು ಬೇಸರವೇ ಆಗಿತ್ತು, ಅವರು ತೋರಿಸಿಕೊಳ್ಳದೆ ಬರೆಯುತ್ತಿದ್ದರು ಅಷ್ಟೆ. ಸೋಮವಾರದಿಂದ ಹಾಜರಿ ಸಂಖ್ಯೆಯ ಪ್ರಕಾರ ಇಬ್ಬಿಬ್ಬರು, ಒಬ್ಬ ಹುಡುಗ ಒಬ್ಬ ಹುಡುಗಿ ಸೇರಿ ರೈಟರ್ ಎಂದಾಯಿತು. ಹುಡುಗರು ಒಂದು ದಿನ ಮುಖ ಊದಿಸಿಕೊಂಡರು.

ಎಫ್‌ಎ, ಎಸ್‌ಎ ಪರೀಕ್ಷೆ ಬಿಟ್ಟಿಲ್ಲ, ಪಠ್ಯದ ಪ್ರಶ್ನೋತ್ತರವೂ ಬಿಟ್ಟಿಲ್ಲ. ಅಲ್ಲಿ ಪವಾಡವೇನೂ ಆಗಲಿಲ್ಲ. ಪತ್ರಲೇಖನ ಮಾತ್ರ ಸುಧಾರಿಸಿತು, ಯಾರಿಗೆ, ಯಾವಾಗ, ಏನಾಯಿತು ಎಂಬುದು ಅವರಿಗೆ ರೂಢಿಯಾಗಿತ್ತು. ಡಿಸೆಂಬರಿಗೆ ಕೊಯ್ಲು ಶುರುವಾದಾಗ ಹಾಜರಿ ಎಂದಿನಂತೆ ಬಿತ್ತು. ಆದರೆ ಅಸ್ಸಾಮಿನ ಹುಡುಗ ತನ್ನ ಅಮ್ಮ ದಿನಾ ಕೊಯ್ದ ಕಿಲೋ ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದ, ಕನ್ನಡದಲ್ಲಿ, ವಾರದ ಹೆಸರು ಸಮೇತ. ಅಮ್ಮ ಓದಲಾರಳು, ಇವನು ರಾತ್ರಿ ಓದಿ ಹೇಳುತ್ತಾನಂತೆ. ಒಂದು ಶನಿವಾರ ತೋಟದ ಪುಸ್ತಕಕ್ಕೂ ಇವನ ಪುಸ್ತಕಕ್ಕೂ ಐದು ಕಿಲೋ ವ್ಯತ್ಯಾಸ ಬಂತು. ಕೂಡಿ ನೋಡಿದರೆ ತಪ್ಪು ಇವನದೇ. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಸರಿ ಅಂಕಿ ಬರೆದು, ಕೆಳಗೆ ಸಹಿ ಮಾಡಿದ್ದ.

ಏಪ್ರಿಲ್‌ನಲ್ಲಿ ಐದನೆಯವರು ಮಳೆ ಪುಸ್ತಕವನ್ನು ಕೆಳಗಿನ ತರಗತಿಗೆ ಒಪ್ಪಿಸಬೇಕಿತ್ತು. ಹೇಗೆ ಮಾಡಬೇಕೆಂದು ಹೇಳಿಕೊಟ್ಟು ಬಾ ಎಂದು ಗೋಲಿಗೆ ಹೇಳಿದೆ. "ಹೇಳಿದ್ರೆ ಮರೀತಾರೆ ಮಿಸ್" ಎಂದು ಹೇಳಿ, ಕೂತು ಕೊನೆಯ ಪುಟದಲ್ಲಿ ಬರೆದ. ಅವನ ಅಕ್ಷರದಲ್ಲೇ ಕೊಡುತ್ತೇನೆ:

"ಡಬ್ಬ ಓರೆ ಇಡಬೇಡ. ಬೆಳಿಗ್ಗೆ ಪ್ರಾತನೆಗೆ ಮುಂಚೆ ನೋಡು. ಎಲೆ ಇದ್ದರೆ ತೆಗಿ. ಕಪ್ಪೆ ಇದ್ದರೆ ಮೊದಲು ಕಪ್ಪೆ ತೆಗಿ ಆಮೇಲೆ ಅಳತೆ ಮಾಡು. ಇಲ್ಲದಿದ್ದರೆ ಕಪ್ಪೆಯೂ ಮಳೆ ಆಗುತ್ತದೆ. ರೈಟರ್ ಕೇಳಲು ಬರುತ್ತಾರೆ, ಸುಳ್ಳು ಬರಿಬೇಡ."